ಪೊಟ್ಟಣದ ಮೇಲೆ 5 ಕೋಟಿ, ರಿಪೋರ್ಟಿನಲ್ಲಿ 1 ಲಕ್ಷ: ಸೂಕ್ಷ್ಮಜೀವಿ ಬೆಳೆಸುವ ಮೀಡಿಯಾದ ಒಳಗುಟ್ಟು

ಮುಂಗಾರು ಹತ್ತಿರ ಬಂತೆಂದರೆ ಹುಬ್ಬಳ್ಳಿ, ಗದಗ, ಹಾವೇರಿಯ ಗೊಬ್ಬರದಂಗಡಿಗಳಲ್ಲಿ ಯೂರಿಯಾ, ಡಿಎಪಿ ಚೀಲಗಳ ಪಕ್ಕದಲ್ಲಿ ಸಣ್ಣ ಪೊಟ್ಟಣಗಳೂ ಕಾಣುತ್ತವೆ. ಹೆಸರು, ಸೋಯಾ, ಶೇಂಗಾ ಬೀಜಕ್ಕೆ ಸವರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ, ಮೆಣಸಿನಗಿಡ ಮತ್ತು ಶುಂಠಿಯ ಬುಡಕ್ಕೆ ಹಾಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ. ರೈಜೋಬಿಯಂ ಪೊಟ್ಟಣದ ಬೆನ್ನಿಗೆ ‘ಪ್ರತಿ ಗ್ರಾಂಗೆ 5×10⁷ ಸಿಎಫ್‌ಯು’ ಎಂದು ಅಚ್ಚಾಗಿರುತ್ತದೆ; ನಮ್ಮ ಲೆಕ್ಕದಲ್ಲಿ 5 ಕೋಟಿ ಜೀವಂತ ಘಟಕ. ಅದೇ ಸಿಎಫ್‌ಯು ಆಸ್ಪತ್ರೆಯ ಯೂರಿನ್ ಕಲ್ಚರ್ ರಿಪೋರ್ಟಿನಲ್ಲೂ ಬರುತ್ತದೆ, ಅಲ್ಲಿ ಮಿಲಿಲೀಟರಿಗೆ 1 ಲಕ್ಷ ದಾಟಿತೆಂದರೆ ಡಾಕ್ಟರು ಔಷಧಿ ಬರೆಯುತ್ತಾರೆ.

ಒಂದು ಅಂಕಿ ಹೊಲಕ್ಕೆ ಸಂಬಂಧಿಸಿದ್ದು, ಇನ್ನೊಂದು ದೇಹಕ್ಕೆ. ಆದರೆ ಎರಡೂ ಹುಟ್ಟುವ ಜಾಗ ಒಂದೇ: ಅಂಗೈಯಗಲದ ಪ್ಲೇಟಿನಲ್ಲಿ ಗಟ್ಟಿಯಾಗಿ ಕೂತ ಮೀಡಿಯಾ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಬೆಳೆಸಲು ತಯಾರಿಸುವ ಪೋಷಕ ಮಾಧ್ಯಮಕ್ಕೆ ಲ್ಯಾಬಿನವರು ಹೇಳುವ ಹೆಸರು ಅದು. ಅದರಲ್ಲಿ ಏನು ಹಾಕಿದ್ದರು, ಹೇಗೆ ಕಾಯಿಸಿದರು, ಎಷ್ಟು ದಿನ ಕಾದರು ಎಂಬುದು ತಿಳಿಯದಿದ್ದರೆ 5 ಕೋಟಿಗೂ 1 ಲಕ್ಷಕ್ಕೂ ಅರ್ಥವೇ ಇಲ್ಲ.

ಮೀಡಿಯಾದಲ್ಲಿ ಏನಿರುತ್ತದೆ?

ಹಾಲಿಗೆ ಹೆಪ್ಪು ಹಾಕಲು ಬರುವವರಿಗೆ ಈ ಕೆಲಸ ಅರ್ಧ ಬಂದಂತೆಯೇ. ಹಾಲು ಕಾಯಿಸಿ, ಉಗುರುಬೆಚ್ಚಗಾಗಲು ಬಿಟ್ಟು, ಒಂದು ಚಮಚೆ ಮೊಸರು ಬೆರೆಸಿ ಮುಚ್ಚಿಡುತ್ತೇವೆ. ಹಾಲೇ ಮೀಡಿಯಾ, ಹೆಪ್ಪೇ ಬಿತ್ತುವ ಜೀವಿ, ಒಲೆಯ ಪಕ್ಕದ ಬೆಚ್ಚನೆ ಮೂಲೆಯೇ ಇನ್‌ಕ್ಯುಬೇಟರ್. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಾಯಿಸಿದ ಹಾಲಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳ ಸ್ಪೋರ್‌ಗಳು, ಅಂದರೆ ಬಿಸಿ ತಡೆದು ಮಲಗಿರುವ ಬೀಜದಂಥ ರೂಪಗಳು, ಸಾಯದೆ ಉಳಿದಿರುತ್ತವೆ. ನಾವು ಚಮಚೆಗಟ್ಟಲೆ ಹೆಪ್ಪು ಹಾಕುವುದರಿಂದ, ಅದು ಬೇಗ ಹುಳಿಯೇರುವುದರಿಂದ ಅವು ತಲೆ ಎತ್ತುವುದಿಲ್ಲ, ಅಷ್ಟೆ. ಲ್ಯಾಬಿನಲ್ಲಿ ಬಿತ್ತುವುದು ಕಣ್ಣಿಗೆ ಕಾಣದಷ್ಟು, ಕೆಲವೊಮ್ಮೆ ಒಂದೇ ಒಂದು ಕೋಶ. ಅದರ ಎದುರಿಗೆ ಒಂದು ಸ್ಪೋರ್ ಉಳಿದಿದ್ದರೂ ಆಟ ಕೆಟ್ಟಂತೆಯೇ.

ಯಾವ ಜೀವಿಗಾದರೂ ನೀರು, ಇಂಗಾಲದ ಮೂಲ, ಸಾರಜನಕದ ಮೂಲ, ರಂಜಕ, ಗಂಧಕ, ಪೊಟ್ಯಾಸಿಯಂ, ಮೆಗ್ನೀಸಿಯಂನಂಥ ಲವಣಗಳು ಬೇಕು. ಕೆಲವಕ್ಕೆ ಜೀವಸತ್ವಗಳೂ ಬೇಕು. ಕಾಲೇಜು ಲ್ಯಾಬುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುವ ಮೀಡಿಯಾವಾದ ನ್ಯೂಟ್ರಿಯೆಂಟ್ ಅಗಾರ್‌ನ ಒಂದು ಲೀಟರ್ ಲೆಕ್ಕ ನೋಡಿ: ಪೆಪ್ಟೋನ್ 5 ಗ್ರಾಂ, ಉಪ್ಪು 5 ಗ್ರಾಂ, ಬೀಫ್ ಎಕ್ಸ್‌ಟ್ರಾಕ್ಟ್ 1.5 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 1.5 ಗ್ರಾಂ, ಅಗಾರ್ 15 ಗ್ರಾಂ. ಕೂಡಿಸಿದರೆ 28 ಗ್ರಾಂ. ರೆಡಿಮೇಡ್ ಡಬ್ಬಿಯ ಮೇಲೆ ‘ಲೀಟರಿಗೆ 28 ಗ್ರಾಂ’ ಎಂದು ಬರೆದಿರುವುದು ಇದಕ್ಕೇ.

ಇದರಲ್ಲಿ ಪೆಪ್ಟೋನ್ ಎಂದರೆ ಮಾಂಸ, ಹಾಲು ಅಥವಾ ಸೋಯಾದ ಪ್ರೋಟೀನನ್ನು ಕಿಣ್ವದಿಂದ ಮೊದಲೇ ಚೂರು ಮಾಡಿದ ಪುಡಿ. ಇಡೀ ಪ್ರೋಟೀನು ಬ್ಯಾಕ್ಟೀರಿಯಾದ ಗೋಡೆ ದಾಟಿ ಒಳಗೆ ಹೋಗುವುದಿಲ್ಲ, ಚೂರುಗಳು ಹೋಗುತ್ತವೆ. ಯೀಸ್ಟ್ ಎಕ್ಸ್‌ಟ್ರಾಕ್ಟಿನಿಂದ ಬಿ ಗುಂಪಿನ ಜೀವಸತ್ವಗಳು ಸಿಗುತ್ತವೆ. ಈ ಎರಡೂ ಪುಡಿಗಳು ಗಾಳಿಯ ತೇವ ಹೀರುತ್ತವೆ. ಜುಲೈ ತಿಂಗಳ ಧಾರವಾಡದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಒಂದೇ ವಾರದಲ್ಲಿ ಬೆಲ್ಲದ ಹೆಂಟೆಯಾಗಿ ಕೂರುತ್ತವೆ. ಆಮೇಲೆ ತೂಗಿದ 5 ಗ್ರಾಂನಲ್ಲಿ ನೀರೆಷ್ಟು, ಪೆಪ್ಟೋನ್ ಎಷ್ಟು ಎಂದು ಹೇಳಲು ಬರುವುದಿಲ್ಲ.

ಹುಳಿಮಟ್ಟವನ್ನು ಪಿಎಚ್ ಅಂಕಿಯಲ್ಲಿ ಅಳೆಯುತ್ತಾರೆ. 7 ತಟಸ್ಥ, ಅದಕ್ಕಿಂತ ಕೆಳಗೆ ಹುಳಿ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 7ರ ಆಸುಪಾಸು ಒಗ್ಗುತ್ತದೆ, ನ್ಯೂಟ್ರಿಯೆಂಟ್ ಅಗಾರ್ ಇರುವುದು 7.4ರಲ್ಲಿ. ಶಿಲೀಂಧ್ರಗಳ ಮೀಡಿಯಾವನ್ನು 5.6ಕ್ಕೆ ಇಳಿಸುತ್ತಾರೆ.

ಅಗಾರ್ ಊಟವಲ್ಲ

ಮೀಡಿಯಾದಲ್ಲಿ ತೂಕಕ್ಕೆ ಎಲ್ಲಕ್ಕಿಂತ ಹೆಚ್ಚಿರುವ ಅಗಾರನ್ನು ಬಹುಪಾಲು ಸೂಕ್ಷ್ಮಜೀವಿಗಳು ಮುಟ್ಟುವುದೇ ಇಲ್ಲ. ಅದು ಕೆಂಪು ಕಡಲಪಾಚಿಯಿಂದ ತೆಗೆದದ್ದು, ಕೆಲಸ ಗಟ್ಟಿ ಮಾಡುವುದಷ್ಟೇ. ಅಗಾರ್ ಇಲ್ಲದ ದ್ರವರೂಪದ ಮೀಡಿಯಾಕ್ಕೆ ಬ್ರಾತ್ ಎನ್ನುತ್ತಾರೆ. ಬ್ರಾತಿನಲ್ಲಿ ಹತ್ತು ಬಗೆಯ ಜೀವಿ ಬೆಳೆದರೂ ಕಾಣುವುದು ಒಂದೇ ಕದಡಿದ ನೀರು. ಗಟ್ಟಿ ಮೈಮೇಲೆ ಹಾಗಲ್ಲ: ಒಂದು ಕೋಶ ಬಿದ್ದ ಜಾಗದಲ್ಲೇ ಲಕ್ಷಾಂತರವಾಗಿ ಗುಡ್ಡೆ ಕಟ್ಟುತ್ತದೆ. ಆ ಗುಡ್ಡೆಯೇ ಕಾಲೊನಿ. ಸಿಎಫ್‌ಯು ಎಂದರೆ ಹೀಗೆ ಕಾಲೊನಿ ಕಟ್ಟಬಲ್ಲ ಜೀವಂತ ಘಟಕ.

ಜರ್ಮನಿಯ ರಾಬರ್ಟ್ ಕೋಚ್ ಮೊದಲು ಬೇಯಿಸಿದ ಬಟಾಟೆಯ ಹೋಳುಗಳ ಮೇಲೆ, ಆಮೇಲೆ 1881ರ ಹೊತ್ತಿಗೆ ಜೆಲಟಿನ್ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದ. ಜೆಲಟಿನ್ ಸುಮಾರು 28 ಡಿಗ್ರಿ ಸೆಲ್ಸಿಯಸ್ ಆಗುವಷ್ಟರಲ್ಲಿ ಕರಗುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನದಲ್ಲಂತೂ ಪ್ಲೇಟು ತುಂಬ ಪಾಯಸ. ಸಾಲದ್ದಕ್ಕೆ ಹಲವು ಬ್ಯಾಕ್ಟೀರಿಯಾಗಳು ಜೆಲಟಿನ್ನನ್ನೇ ತಿಂದು ನೀರು ಮಾಡುತ್ತವೆ. ಕೋಚ್‌ನ ಲ್ಯಾಬಿನಲ್ಲಿದ್ದ ವಾಲ್ಟರ್ ಹೆಸ್ಸೆಗೆ ಅವನ ಹೆಂಡತಿ ಫ್ಯಾನಿ ಹೆಸ್ಸೆ ಅಗಾರ್ ಬಳಸಲು ಸೂಚಿಸಿದಳು. ಹಣ್ಣಿನ ಜೆಲ್ಲಿ ಗಟ್ಟಿ ಮಾಡಲು ಅಡುಗೆಮನೆಯಲ್ಲಿ ಅವಳು ಬಳಸುತ್ತಿದ್ದದ್ದು ಅದನ್ನೇ, ಅದೂ ಜಾವಾ ದ್ವೀಪದಲ್ಲಿ ಇದ್ದು ಬಂದ ಪರಿಚಯದವರಿಂದ ಕಲಿತದ್ದು. ಕ್ಷಯದ ಬ್ಯಾಕ್ಟೀರಿಯಾ ಕುರಿತ 1882ರ ವರದಿಯಲ್ಲಿ ಕೋಚ್ ಅಗಾರ್ ಹೆಸರು ಹೇಳಿದ್ದಾನೆ, ಫ್ಯಾನಿಯ ಹೆಸರು ಹೇಳಿಲ್ಲ. ಮುಚ್ಚಳವಿರುವ ಚಪ್ಪಟೆ ಪ್ಲೇಟು ಬಂದದ್ದು 1887ರಲ್ಲಿ, ಕೋಚ್‌ನ ಸಹಾಯಕ ಪೆಟ್ರಿಯಿಂದ.

ಅಗಾರ್‌ನ ಗುಣ ವಿಚಿತ್ರ. ಕರಗಲು 85 ಡಿಗ್ರಿ ದಾಟಬೇಕು, ಆದರೆ ತಣಿಯುವಾಗ 40ರ ಆಸುಪಾಸಿಗೆ ಬರುವವರೆಗೂ ದ್ರವವಾಗಿಯೇ ಇರುತ್ತದೆ. ಹೀಗಾಗಿ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ, 45ರಿಂದ 50 ಡಿಗ್ರಿಯಲ್ಲಿ ಸುರಿಯಲೂ ಬರುತ್ತದೆ.

ಯಾರು ಬೆಳೆಯಬೇಕು, ಯಾರು ಬೇಡ

ಒಂದು ಚಿಟಿಕೆ ಎರೆಮಣ್ಣಿನಲ್ಲಿ ಕೋಟಿಗಟ್ಟಲೆ ಜೀವಿಗಳಿವೆ. ಅದರೊಳಗಿಂದ ಬೇಕಾದ್ದನ್ನಷ್ಟೇ ಮೇಲೆಬ್ಬಿಸುವುದು ಮೀಡಿಯಾದ ಪಾಕದಲ್ಲಿದೆ. ನನ್ನ ಮಟ್ಟಿಗೆ ಈ ವಿದ್ಯೆಯ ಸೊಗಸು ಇರುವುದೇ ಇಲ್ಲಿ: ಏನು ಹಾಕಿದೆ ಎನ್ನುವುದಕ್ಕಿಂತ ಏನು ಹಾಕದೆ ಬಿಟ್ಟೆ ಎನ್ನುವುದೇ ಹೆಚ್ಚು ಸಲ ಕೆಲಸ ಮಾಡುತ್ತದೆ.

ಗಾಳಿಯ ಸಾರಜನಕವನ್ನು ಹಿಡಿಯುವ ಅಜೋಟೋಬ್ಯಾಕ್ಟರ್ ಬೇಕೆಂದರೆ ಸಾರಜನಕವೇ ಇಲ್ಲದ ಮೀಡಿಯಾ ಮಾಡಬೇಕು. ಉಳಿದವು ಸೊರಗುತ್ತವೆ, ಇದು ಗಾಳಿಯಿಂದ ತನ್ನ ಪಾಲು ತೆಗೆದುಕೊಂಡು ಬೆಳೆಯುತ್ತದೆ. ಅಜೋಸ್ಪಿರಿಲಂ ಇನ್ನೂ ನಾಜೂಕು. ಸಾರಜನಕ ಹಿಡಿಯುವಾಗ ಅದಕ್ಕೆ ಆಮ್ಲಜನಕ ಬೇಕು, ಹೆಚ್ಚಾದರೆ ಆಗದು. ಅದಕ್ಕಾಗಿ ಲೀಟರಿಗೆ 15 ಗ್ರಾಂ ಬದಲು 2 ಗ್ರಾಂಗಿಂತ ಕಡಿಮೆ ಅಗಾರ್ ಹಾಕಿ, ಅಲುಗಾಡಿಸಿದರೆ ತೂಗುವಂಥ ಅರೆಗಟ್ಟಿ ಮೀಡಿಯಾವನ್ನು ಟ್ಯೂಬಿನಲ್ಲಿ ತುಂಬುತ್ತಾರೆ. ಮಣ್ಣು ಅಥವಾ ಬೇರಿನ ಚೂರು ಹಾಕಿದ ಕೆಲವು ದಿನಕ್ಕೆ, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಕೆಳಗೆ ತೆಳುವಾದ ಬಿಳಿ ಪರದೆ ಕಟ್ಟುತ್ತದೆ. ತನಗೆ ಬೇಕಾದಷ್ಟೇ ಆಮ್ಲಜನಕವಿರುವ ಆಳವನ್ನು ಅದೇ ಹುಡುಕಿಕೊಂಡು ನಿಂತಿರುತ್ತದೆ. ಮೀಡಿಯಾದಲ್ಲಿ ಬೆರೆಸಿದ ಬಣ್ಣವೂ ಹಳದಿಹಸಿರಿನಿಂದ ನೀಲಿಗೆ ತಿರುಗುತ್ತದೆ.

ರಂಜಕ ಕರಗಿಸುವ ಬ್ಯಾಕ್ಟೀರಿಯಾ ಹುಡುಕಲು ಬಳಸುವುದು 1948ರ ಪಿಕೋವ್‌ಸ್ಕಯಾ ಅಗಾರ್. ಇದರಲ್ಲಿ ಲೀಟರಿಗೆ 5 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ. ಅದು ನೀರಿನಲ್ಲಿ ಕರಗದು, ಪ್ಲೇಟು ಸುಣ್ಣ ಕಲಸಿದಂತೆ ಬೆಳ್ಳಗಿರುತ್ತದೆ. ರಂಜಕ ಕರಗಿಸಬಲ್ಲ ಕಾಲೊನಿಯ ಸುತ್ತ ಮಾತ್ರ ತಿಳಿಯಾದ ಉಂಗುರ ಮೂಡುತ್ತದೆ.

ರೈಜೋಬಿಯಂಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಅಗಾರ್: ಲೀಟರಿಗೆ ಸಕ್ಕರೆಯಂಥ ಮ್ಯಾನಿಟಾಲ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 1 ಗ್ರಾಂ, ಸ್ವಲ್ಪ ಲವಣಗಳು, ಜೊತೆಗೆ ಕಾಂಗೋ ರೆಡ್ ಬಣ್ಣದ ಶೇಕಡಾ 1ರ ದ್ರಾವಣ 2.5 ಮಿಲಿಲೀಟರ್. ರೈಜೋಬಿಯಂ ಈ ಕೆಂಪನ್ನು ಅಷ್ಟಾಗಿ ಹೀರುವುದಿಲ್ಲ, ಬೆಳ್ಳಗೆ ಮಿರುಗುವ ಹನಿಯಂತೆ ಉಳಿಯುತ್ತದೆ. ಕೆಂಪೇರಿದ ಕಾಲೊನಿಗಳು ಹೆಚ್ಚಾಗಿ ಪರಕೀಯ. ಇಲ್ಲಿ ಆತುರದವರು ಮೋಸ ಹೋಗುತ್ತಾರೆ. ಸೋಯಾ, ಶೇಂಗಾದ ರೈಜೋಬಿಯಂ ನಿಧಾನಿಗಳು, 28ರಿಂದ 30 ಡಿಗ್ರಿಯಲ್ಲಿ ಕಾಲೊನಿ ಕಾಣಲು 5ರಿಂದ 7 ದಿನ ಬೇಕು. ಎರಡನೇ ದಿನವೇ ದಪ್ಪ ದಪ್ಪ ಕಾಲೊನಿ ಕಂಡರೆ ಖುಷಿಪಡುವಂಥದ್ದೇನಿಲ್ಲ, ಅದು ಕಂಟಾಮಿನೇಷನ್.

ಆಸ್ಪತ್ರೆಯ ಪ್ಲೇಟುಗಳು

ಕರುಳಿನ ಬ್ಯಾಕ್ಟೀರಿಯಾಗಳಿಗೆ 1905ರಲ್ಲಿ ಆಲ್‌ಫ್ರೆಡ್ ಮೆಕಾಂಕಿ ರೂಪ ಕೊಟ್ಟ ಅಗಾರ್ ಇಂದಿಗೂ ನಡೆಯುತ್ತಿದೆ. ಅದರಲ್ಲಿನ ಪಿತ್ತಲವಣ ಮತ್ತು ಕ್ರಿಸ್ಟಲ್ ವಯಲೆಟ್ ಬೇಡದ ಗುಂಪನ್ನು ತಡೆಯುತ್ತವೆ. ಲ್ಯಾಕ್ಟೋಸ್ ಹುದುಗಿಸುವ ಇ. ಕೋಲೈ ಗುಲಾಬಿ ಕಾಲೊನಿ ಕೊಡುತ್ತದೆ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಬಣ್ಣವಿಲ್ಲದೆ ಕೂರುತ್ತದೆ.

ಬ್ಲಡ್ ಅಗಾರ್‌ಗೆ ಕುರಿಯ ರಕ್ತವನ್ನು ಶೇಕಡಾ 5ರಷ್ಟು, ಮೀಡಿಯಾ 45ರಿಂದ 50 ಡಿಗ್ರಿಗೆ ತಣಿದ ಮೇಲೆ ಬೆರೆಸುತ್ತಾರೆ. ರಕ್ತ ಬೆರೆಸಿ ಮತ್ತೆ 80 ಡಿಗ್ರಿಯ ಹತ್ತಿರ ಕಾಯಿಸಿದರೆ ಕಂದು ಬಣ್ಣದ ಚಾಕೊಲೇಟ್ ಅಗಾರ್ ಆಗುತ್ತದೆ. ಹೆಸರಿಗಷ್ಟೇ ಚಾಕೊಲೇಟ್, ಒಡೆದ ರಕ್ತಕಣಗಳಿಂದ ಹೊರಬರುವ ಅಂಶಗಳು ಕೆಲವು ಜೀವಿಗಳಿಗೆ ಬೇಕೇ ಬೇಕು. ಕ್ಷಯದ ಬ್ಯಾಕ್ಟೀರಿಯಾ ಬೆಳೆಸುವ ಲೋವೆನ್‌ಸ್ಟೈನ್ ಜೆನ್ಸೆನ್ ಮೀಡಿಯಾದಲ್ಲಿ ಅಗಾರೇ ಇಲ್ಲ. ಕೋಳಿಮೊಟ್ಟೆಯನ್ನು ಓರೆಯಾಗಿಟ್ಟ ಬಾಟಲಿಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ, ‘ಬೆಳೆದಿಲ್ಲ’ ಎಂದು ಹೇಳಲು 8 ವಾರ ಕಾಯುತ್ತಾರೆ. ಕಲ್ಚರ್ ರಿಪೋರ್ಟ್ ತಡವಾಯಿತೆಂದು ಲ್ಯಾಬಿನವರ ಮೇಲೆ ರೇಗುವ ಮುನ್ನ ಇದು ಗೊತ್ತಿದ್ದರೆ ಒಳ್ಳೆಯದು: ಯಾವ ಜೀವಿಯೂ ನಮ್ಮ ಅವಸರಕ್ಕೆ ಬೆಳೆಯುವುದಿಲ್ಲ.

ಒಂದು ಲೀಟರ್ ಬಟಾಟೆ ಅಗಾರ್ ಮಾಡುವ ಬಗೆ

ಟ್ರೈಕೋಡರ್ಮಾದಂಥ ಶಿಲೀಂಧ್ರಕ್ಕೆ ಬಳಸುವುದು ಪೊಟ್ಯಾಟೊ ಡೆಕ್ಸ್‌ಟ್ರೋಸ್ ಅಗಾರ್, ಲ್ಯಾಬಿನ ಬಾಯಲ್ಲಿ ಪಿಡಿಎ. 200 ಗ್ರಾಂ ಬಟಾಟೆ, 20 ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ, 15ರಿಂದ 20 ಗ್ರಾಂ ಅಗಾರ್, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್.

ಬಟಾಟೆಯ ಸಿಪ್ಪೆ ತೆಗೆದು ಒಂದು ಸೆಂಟಿಮೀಟರ್ ಹೋಳು ಮಾಡಿ, ಅರ್ಧ ಲೀಟರ್ ನೀರಿನಲ್ಲಿ 20ರಿಂದ 30 ನಿಮಿಷ ಕುದಿಸಿ. ಹೋಳಿಗೆ ಕಡ್ಡಿ ಸಲೀಸಾಗಿ ಇಳಿಯಬೇಕು, ಹಿಟ್ಟಾಗಬಾರದು. ಎರಡು ಪದರ ತೆಳು ಅರಿವೆಯಲ್ಲಿ ಸೋಸಿ. ಹಿಂಡಬೇಡಿ, ಹಿಂಡಿದರೆ ಪಿಷ್ಟ ಇಳಿದು ಮೀಡಿಯಾ ಕದಡುತ್ತದೆ, ಮುಂದೆ ಕಾಲೊನಿ ಅಂಚು ಸ್ಪಷ್ಟವಾಗಿ ಕಾಣದು. ಉಳಿದರ್ಧ ಲೀಟರ್ ನೀರಿನಲ್ಲಿ ಅಗಾರನ್ನು ಉದುರಿಸುತ್ತ, ಕಲಕುತ್ತ ಕುದಿಸಿ ಕರಗಿಸಬೇಕು. ಅಗಾರ್ ಪುಡಿಯನ್ನು ಒಮ್ಮೆಲೆ ಸುರಿದರೆ ಗಂಟು ಕಟ್ಟುತ್ತದೆ, ಪಾತ್ರೆಯ ತಳ ಹತ್ತುತ್ತದೆ. ಎರಡನ್ನೂ ಕೂಡಿಸಿ, ಡೆಕ್ಸ್‌ಟ್ರೋಸ್ ಹಾಕಿ, ಆವಿಯಾದಷ್ಟು ನೀರು ತುಂಬಿ ಲೀಟರ್ ಮಾಡಿ, ಪಿಎಚ್ 5.6ಕ್ಕೆ ತಂದು ಫ್ಲಾಸ್ಕಿಗೆ ತುಂಬುವುದು. ಫ್ಲಾಸ್ಕ್ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಆಟೋಕ್ಲೇವಿನಲ್ಲಿ (ಒತ್ತಡದ ಉಗಿಯಿಂದ ಜೀವಿಗಳನ್ನು ಕೊಲ್ಲುವ, ದೊಡ್ಡ ಕುಕ್ಕರಿನಂಥ ಯಂತ್ರ) ಉಕ್ಕಿ ಹತ್ತಿ ಬಿರಡೆ ಒದ್ದೆಯಾಗುತ್ತದೆ. ಒದ್ದೆ ಬಿರಡೆಯ ಮೂಲಕ ಬೂಷ್ಟು ಒಳಗಿಳಿಯುವುದು ಸುಲಭ. ಬಿರಡೆಗೆ ನೀರು ಹೀರದ ಹತ್ತಿಯೇ ಬೇಕು, ಗಾಯಕ್ಕೆ ಇಡುವ ಹತ್ತಿ ನಡೆಯದು.

ನೀರಿನ ವಿಷಯ ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಗದಗ ಕಡೆಯ ಬೋರ್‌ವೆಲ್ ನೀರು ಗಡಸು. ಫಾಸ್ಫೇಟ್ ಇರುವ ಮೀಡಿಯಾಕ್ಕೆ ಅದನ್ನು ಹಾಕಿ ಕಾಯಿಸಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಫಾಸ್ಫೇಟಿನ ಜೊತೆ ಸೇರಿ ಬಿಳಿ ಗಸಿಯಾಗಿ ಇಳಿಯುತ್ತದೆ, ಜೀವಿಗೆ ಸಿಗಬೇಕಾದ ರಂಜಕ ತಳ ಸೇರುತ್ತದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್. ಮೀಡಿಯಾಕ್ಕೆ ಡಿಸ್ಟಿಲ್ಡ್ ವಾಟರೇ ಸರಿ.

ನಮ್ಮ ಊರಿಗೆ 15 ಪೌಂಡ್ ಸಾಲದು

ಎಲ್ಲ ಪುಸ್ತಕಗಳೂ ಹೇಳುವುದು ಒಂದೇ: 121 ಡಿಗ್ರಿ, ಚದರ ಇಂಚಿಗೆ 15 ಪೌಂಡ್ ಒತ್ತಡ, 15 ನಿಮಿಷ. ಬ್ಯಾಕ್ಟೀರಿಯಾದ ಸ್ಪೋರ್ ಕುದಿಯುವ ನೀರಿಗೆ ಬಗ್ಗುವುದಿಲ್ಲವಾದ್ದರಿಂದ ಈ ಬಿಸಿ ಬೇಕು. ಆದರೆ ಕೊಲ್ಲುವುದು ಬಿಸಿಯೇ ಹೊರತು ಒತ್ತಡವಲ್ಲ. ಒತ್ತಡ ಆ ಬಿಸಿಗೆ ತಲುಪುವ ದಾರಿ ಮಾತ್ರ.

ಆಟೋಕ್ಲೇವಿನ ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು. 15 ಪೌಂಡ್ ಲೆಕ್ಕ ಸಮುದ್ರಮಟ್ಟದ್ದು. ಹುಬ್ಬಳ್ಳಿ, ಧಾರವಾಡ ಇರುವುದು ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿ. ಇಲ್ಲಿ ಹೊರಗಿನ ಗಾಳಿಯೇ ಹಗುರ, ಹೀಗಾಗಿ ಗೇಜಿನಲ್ಲಿ 15 ಕಂಡಾಗ ಒಳಗಿನ ಉಗಿ ಸುಮಾರು 119.5 ಡಿಗ್ರಿಯಷ್ಟೇ ಇರುತ್ತದೆ. ಒಂದೂವರೆ ಡಿಗ್ರಿ ಏನು ಮಹಾ ಎನ್ನಿಸಬಹುದು. ಹತ್ತು ಡಿಗ್ರಿ ಇಳಿದರೆ ಸ್ಪೋರ್ ಸಾಯುವ ವೇಗ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಇಲ್ಲಿನ 15 ನಿಮಿಷ, 121 ಡಿಗ್ರಿಯ 11 ನಿಮಿಷಕ್ಕೆ ಸಮ. ಗೇಜನ್ನು 16 ಪೌಂಡ್ ದಾಟಿಸಬೇಕು, ಇಲ್ಲವೇ ಸಮಯವನ್ನು 20 ನಿಮಿಷಕ್ಕೆ ಏರಿಸಬೇಕು. ಆಟೋಕ್ಲೇವಿಗೆ ಥರ್ಮಾಮೀಟರ್ ಇದ್ದರೆ ಗೇಜನ್ನು ಮರೆತು ಅದನ್ನೇ ನಂಬಿ.

ಇದಕ್ಕಿಂತ ದೊಡ್ಡ ತಪ್ಪು ಒಳಗಿನ ಗಾಳಿಯನ್ನು ಹೊರಬಿಡದೆ ವಾಲ್ವ್ ಮುಚ್ಚುವುದು. ಅರ್ಧ ಗಾಳಿ ಉಳಿದಿದ್ದರೆ ಗೇಜು 15 ಪೌಂಡ್ ತೋರಿಸುತ್ತಲೇ ಇರುತ್ತದೆ, ಒಳಗಿನ ಬಿಸಿ ಮಾತ್ರ 112 ಡಿಗ್ರಿ. ಉಗಿ ಬುಸುಗುಟ್ಟುತ್ತ ಒಂದೇ ಸಮನೆ ಬರತೊಡಗಿದ ಮೇಲೂ ಕೆಲವು ನಿಮಿಷ ಬಿಟ್ಟು ವಾಲ್ವ್ ಮುಚ್ಚಬೇಕು. ಮನೆಯ ಕುಕ್ಕರಿಗೂ ಇದೇ ನಿಯಮ: ವೇಟ್ ಇಡುವ ಮುಂಚೆ ಗಾಳಿ ಹೋಗಲಿ. ಕುಕ್ಕರಿನ ವೇಟ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡಕ್ಕೆ ಏಳುತ್ತದೆ. ನಮ್ಮ ಎತ್ತರದಲ್ಲಿ ಅದು 119 ಡಿಗ್ರಿಯ ಹತ್ತಿರ. ಸಣ್ಣ ಫ್ಲಾಸ್ಕುಗಳಾದರೆ ಉರಿ ಸಣ್ಣ ಮಾಡಿ 30 ನಿಮಿಷ ಇಟ್ಟರೆ ಕಲಿಕೆಯ ಕೆಲಸಕ್ಕೆ ನಡೆಯುತ್ತದೆ. ಸೀಟಿ ಎಣಿಸುವುದು ಬೇಡ, ಗಡಿಯಾರ ನೋಡಿ. ಒತ್ತಡ ತಾನಾಗಿ ಇಳಿಯುವ ಮುನ್ನ ವೇಟ್ ಎತ್ತಿದರೆ ಫ್ಲಾಸ್ಕಿನ ಮೀಡಿಯಾ ಉಕ್ಕಿ ಕುಕ್ಕರಿನ ತುಂಬ ಹರಡುತ್ತದೆ.

ಸುರಿಯುವಾಗ ಮತ್ತು ಆಮೇಲೆ ಕೆಡುವುದು

ಆಟೋಕ್ಲೇವಿನಿಂದ ತೆಗೆದ ಕೂಡಲೇ ಫ್ಲಾಸ್ಕನ್ನು ಮೆಲ್ಲಗೆ ಸುತ್ತಿಸಿ. ಅಗಾರ್ ತಳದಲ್ಲಿ ದಟ್ಟವಾಗಿ ನಿಂತಿರುತ್ತದೆ. ಕಲಕದೆ ಸುರಿದರೆ ಮೊದಲ ಹತ್ತು ಪ್ಲೇಟು ಲೊಳಲೊಳ, ಕೊನೆಯ ಹತ್ತು ಕಲ್ಲು. ಜೋರಾಗಿ ಕುಲುಕಿದರೆ ಗುಳ್ಳೆ ಎದ್ದು ಅವೂ ಪ್ಲೇಟಿಗೆ ಬರುತ್ತವೆ. 90 ಮಿಲಿಮೀಟರ್ ಪ್ಲೇಟಿಗೆ 20 ಮಿಲಿಲೀಟರ್ ಬೇಕು, ಒಂದು ಲೀಟರಿಗೆ 50 ಪ್ಲೇಟು.

ಫ್ಲಾಸ್ಕನ್ನು ಮುಂಗೈಯ ಹೊರಮೈಗೆ ತಾಗಿಸಿ ಹಿಡಿದಾಗ ಬಿಸಿ ತಡೆಯುವಂತಾದರೆ 50 ಡಿಗ್ರಿಯ ಹತ್ತಿರ ಬಂದಿದೆ ಎಂದು ತಿಳಿಯಬಹುದು. ಅದಕ್ಕಿಂತ ಬಿಸಿಯಾಗಿ ಸುರಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ, ಹನಿ ಕೆಳಗೆ ಬಿದ್ದು ಕಾಲೊನಿಗಳು ಒಂದರೊಳಗೊಂದು ಹರಿಯುತ್ತವೆ. ಪ್ಲೇಟುಗಳನ್ನು ಬೋರಲಾಗಿ ಇಡುವುದು ಈ ಹನಿಗೇ. ತಣ್ಣಗಾದ ಮೇಲೆ ಸುರಿದರೆ ಗಂಟುಗಂಟು.

ಸ್ಟ್ರೆಪ್ಟೋಮೈಸಿನ್‌ನಂಥ ಬಿಸಿ ತಾಳದ ಆಂಟಿಬಯೋಟಿಕ್ ಹಾಕುವುದಿದ್ದರೆ ಈ ಹಂತದಲ್ಲೇ. ಕ್ಲೋರಾಂಫೆನಿಕಾಲ್ ಬಿಸಿ ತಡೆಯುತ್ತದೆ, ಮೊದಲೇ ಹಾಕಬಹುದು. ಶಿಲೀಂಧ್ರಕ್ಕೆಂದು ಮೀಡಿಯಾವನ್ನು ಇನ್ನೂ ಹುಳಿ ಮಾಡಿ 3.5ಕ್ಕೆ ಇಳಿಸುವವರು ಲ್ಯಾಕ್ಟಿಕ್ ಆಮ್ಲವನ್ನು ಆಟೋಕ್ಲೇವ್ ಆದ ಮೇಲೆಯೇ ಹಾಕಬೇಕು. ಹುಳಿಯಲ್ಲಿ ಕಾಯಿಸಿದರೆ ಅಗಾರ್ ಮುರಿದು ಪ್ಲೇಟು ಗಟ್ಟಿಯೇ ಆಗುವುದಿಲ್ಲ. ಒಮ್ಮೆ ಹುಳಿ ಹಾಕಿದ ಮೀಡಿಯಾವನ್ನು ಮತ್ತೆ ಕರಗಿಸುವಂತೆಯೂ ಇಲ್ಲ.

ಸುರಿದ ಪಿಡಿಎ ಕಡುಗಂದು ಬಣ್ಣಕ್ಕೆ ತಿರುಗಿದ್ದರೆ ಕಾಯಿಸಿದ್ದು ಹೆಚ್ಚಾಗಿದೆ, ಸಕ್ಕರೆ ಸೀದಿದೆ. ಬೂಷ್ಟಿನ ಕಾಟ ಹೆಚ್ಚು ಬರುವುದು ಮಳೆಗೆ ಮುಂಚಿನ ಗಾಳಿದಿನಗಳಲ್ಲಿ. ಧೂಳಿನ ಜೊತೆ ಕಪ್ಪು ಆಸ್ಪರ್ಜಿಲಸ್ ಸ್ಪೋರ್‌ಗಳು ಹಾರಿಬರುತ್ತವೆ. ಲ್ಯಾಮಿನಾರ್ (ಸೋಸಿದ ಗಾಳಿ ಹಾಯಿಸುವ ಕೆಲಸದ ಪೆಟ್ಟಿಗೆ) ಇಲ್ಲದ ಕಡೆ ಕಿಟಕಿ ಮುಚ್ಚಿ, ಎಷ್ಟೇ ಸೆಕೆಯಿದ್ದರೂ ಫ್ಯಾನ್ ಬಂದ್ ಮಾಡಿ, ಸ್ಪಿರಿಟ್ ದೀಪದ ಪಕ್ಕದಲ್ಲೇ ಸುರಿಯಬೇಕು. ಪ್ರತಿ ಬ್ಯಾಚಿನಿಂದ ಎರಡು ಪ್ಲೇಟನ್ನು ಏನೂ ಬಿತ್ತದೆ ಒಂದೆರಡು ದಿನ ಇನ್‌ಕ್ಯುಬೇಟರಿನಲ್ಲಿ ಇಡಿ. ಅದರಲ್ಲೇ ಏನಾದರೂ ಎದ್ದರೆ ಇಡೀ ಬ್ಯಾಚು ಬಿಸಾಕುವುದು ಉತ್ತಮ. ಈ ಎರಡು ಪ್ಲೇಟಿನ ಉಳಿತಾಯಕ್ಕೆ ಹೋಗಿ ಐವತ್ತು ಪ್ಲೇಟು ಕಳೆದುಕೊಳ್ಳುವವರೇ ಹೆಚ್ಚು.

5 ಕೋಟಿ, 1 ಲಕ್ಷ: ಲೆಕ್ಕ ಹೇಗೆ?

ಈಗ ಪೊಟ್ಟಣಕ್ಕೆ ಬರೋಣ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿರೂಪದ ರೈಜೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿಲಿಲೀಟರಿಗೆ 10 ಕೋಟಿ ಜೀವಂತ ಕೋಶ ಇರಬೇಕು. ಅಷ್ಟನ್ನು ಒಂದೇ ಪ್ಲೇಟಿಗೆ ಸುರಿದರೆ ಎಣಿಸಲಾಗದು. 10 ಗ್ರಾಂ ಪುಡಿಯನ್ನು 90 ಮಿಲಿಲೀಟರ್ ಶುದ್ಧ ನೀರಿಗೆ ಹಾಕಿ ಕಲಕಿದರೆ ಹತ್ತು ಪಟ್ಟು ತೆಳುವಾಯಿತು. ಅದರಿಂದ 1 ಮಿಲಿಲೀಟರ್ ತೆಗೆದು 9 ಮಿಲಿಲೀಟರಿಗೆ ಹಾಕಿದರೆ ನೂರು ಪಟ್ಟು. ಹೀಗೆ ಒಟ್ಟು ಐದು ಹಂತ ಇಳಿದರೆ ಒಂದು ಲಕ್ಷ ಪಟ್ಟು ತೆಳು. ಅದರ 0.1 ಮಿಲಿಲೀಟರನ್ನು ಪ್ಲೇಟಿನ ಮೇಲೆ ಹರಡಿ 52 ಕಾಲೊನಿ ಬಂದವು ಎನ್ನಿ: 52 × 10 × 1,00,000, ಅಂದರೆ 5.2 ಕೋಟಿ. ಪೊಟ್ಟಣ ಪಾಸು. 30ಕ್ಕಿಂತ ಕಡಿಮೆ, 300ಕ್ಕಿಂತ ಹೆಚ್ಚು ಕಾಲೊನಿ ಇರುವ ಪ್ಲೇಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಹಂತಕ್ಕೂ ಹೊಸ ಪಿಪೆಟ್ ಬೇಕು. ಹಳೆಯದರ ಗೋಡೆಗೆ ಅಂಟಿದ ಹನಿ ಮುಂದಿನ ಹಂತಕ್ಕೆ ಹೋದರೆ ಎಣಿಕೆ ಸುಳ್ಳೇ ಏರುತ್ತದೆ.

ಯೂರಿನ್ ಕಲ್ಚರಿನಲ್ಲಿ ತೆಳು ಮಾಡುವ ಬದಲು 0.001 ಮಿಲಿಲೀಟರ್ ಹಿಡಿಯುವ ಅಳತೆಯ ತಂತಿಬಳೆಯಿಂದ ನೇರವಾಗಿ ಬಿತ್ತುತ್ತಾರೆ. 100 ಕಾಲೊನಿ ಎದ್ದರೆ ಮಿಲಿಲೀಟರಿಗೆ 1 ಲಕ್ಷ. ಈ ಅಂಕಿಯನ್ನು ಕೆಡಿಸುವುದು ಬಹಳ ಸಲ ಪ್ರಯಾಣ. ಮೂತ್ರವೂ ಒಂದು ಮೀಡಿಯಾವೇ. ರೋಣದ ಕಡೆಯಿಂದ ಬೇಸಿಗೆಯಲ್ಲಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ತರಲು ಮೂರು ತಾಸು ಹಿಡಿಯಿತು ಎನ್ನಿ. ಬ್ಯಾಕ್ಟೀರಿಯಾ ಅರ್ಧ ತಾಸಿಗೊಮ್ಮೆ ದುಪ್ಪಟ್ಟಾದರೂ 64 ಪಟ್ಟು ಏರುತ್ತದೆ: ಹೊರಡುವಾಗ ಇದ್ದ 2,000, ಲ್ಯಾಬು ಮುಟ್ಟುವಾಗ 1 ಲಕ್ಷ 28 ಸಾವಿರ. ಸೋಂಕಿಲ್ಲದವರ ರಿಪೋರ್ಟಿನಲ್ಲೂ ಸೋಂಕು! ಎರಡು ತಾಸಿನೊಳಗೆ ಕೊಡಿ, ಇಲ್ಲವೇ ಫ್ರಿಜ್ಜಿನ ತಂಪಿನಲ್ಲಿ ತನ್ನಿ ಎಂದು ಹೇಳುವುದು ಇದಕ್ಕೆ.

ಇನ್ನು ‘ನೋ ಗ್ರೋತ್’ ಎಂದು ಬಂದರೆ ಆ ಮೀಡಿಯಾದಲ್ಲಿ, ಆ ಬಿಸಿಯಲ್ಲಿ, ಅಷ್ಟು ದಿನದಲ್ಲಿ ಏನೂ ಬೆಳೆಯಲಿಲ್ಲ ಎಂದಷ್ಟೇ ಅರ್ಥ. ಪರೀಕ್ಷೆಗೆ ಮೊದಲೇ ಆಂಟಿಬಯೋಟಿಕ್ ನುಂಗಿದ್ದರೂ ಹಾಗೆ ಬರಬಹುದು. ಕುಷ್ಠದ ಬ್ಯಾಕ್ಟೀರಿಯಾ ಇಂದಿನವರೆಗೂ ಯಾವ ಕೃತಕ ಮೀಡಿಯಾದಲ್ಲೂ ಬೆಳೆದಿಲ್ಲ. ವೈರಸ್‌ಗಳಿಗೆ ಜೀವಂತ ಕೋಶವೇ ಬೇಕು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಂತೂ ಸಾಮಾನ್ಯ ಪ್ಲೇಟಿನಲ್ಲಿ ಕಾಲೊನಿ ಕಟ್ಟುವುದು ತೀರ ಸಣ್ಣ ಪಾಲು.

ಜೋಳದ ಮೇಲೆ ಟ್ರೈಕೋಡರ್ಮಾ

ಅಗಾರ್ ದುಬಾರಿ. ಹೊಲಕ್ಕೆ ಕಿಲೋಗಟ್ಟಲೆ ಬೇಕಾದಾಗ ಮೀಡಿಯಾ ಬದಲಾಗುತ್ತದೆ. ದ್ರವದಲ್ಲಿ ಬೆಳೆಸುವವರು ಲೀಟರ್ ನೀರಿಗೆ 30 ಗ್ರಾಂ ಕಬ್ಬಿನ ಕಾಕಂಬಿ, 5 ಗ್ರಾಂ ಯೀಸ್ಟ್ ಹಾಕುತ್ತಾರೆ. ನಮ್ಮ ಕಡೆ ಸುಲಭವಾಗಿ ಸಿಗುವುದು ಜೋಳ.

ಜೋಳವನ್ನು ರಾತ್ರಿಯಿಡೀ ನೆನೆಸಿ, ಬಸಿದು, ಅರಿವೆಯ ಮೇಲೆ ಹರಡಿ ಮೇಲಿನ ನೀರು ಆರಿಸಬೇಕು. ಕಾಳು ಉಬ್ಬಿರಬೇಕು, ಒಡೆದಿರಬಾರದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈ ತೇವವಾಗಬೇಕು, ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಚೀಲದ ತಳದಲ್ಲಿ ಬ್ಯಾಕ್ಟೀರಿಯಾ ಸೇರಿ ಹುಳಿ ವಾಸನೆ ಬರುತ್ತದೆ. ಕಡಿಮೆಯಾದರೆ ಬಿಳಿ ನೂಲು ಹಬ್ಬುತ್ತದೆಯೇ ಹೊರತು ಹಸಿರು ಸ್ಪೋರ್ ಕಟ್ಟುವುದಿಲ್ಲ. 250 ಗ್ರಾಂನಂತೆ ಪಾಲಿಪ್ರೊಪಿಲೀನ್ ಚೀಲಕ್ಕೆ ತುಂಬಿ, ಬಾಯಿಗೆ ಹತ್ತಿ ಬಿರಡೆ ಇಟ್ಟು, 121 ಡಿಗ್ರಿಯಲ್ಲಿ ಒಂದು ತಾಸು ಆಟೋಕ್ಲೇವ್ ಮಾಡಿ. ಮಾಮೂಲಿ ಪಾಲಿಥಿನ್ ಚೀಲ ಆ ಬಿಸಿಗೆ ಕರಗುತ್ತದೆ. ಕಾಳಿನ ನಡುವೆ ಬಿಸಿ ನಿಧಾನ ಇಳಿಯುವುದರಿಂದ ದ್ರವ ಮೀಡಿಯಾದ 15 ನಿಮಿಷ ಇಲ್ಲಿ ಸಾಲುವುದಿಲ್ಲ.

ಪೂರ್ತಿ ತಣಿದ ಮೇಲೆ ಪಿಡಿಎಯಲ್ಲಿ ಬೆಳೆದ ಟ್ರೈಕೋಡರ್ಮಾ ಚೂರುಗಳನ್ನು ಹಾಕಿ, 25ರಿಂದ 28 ಡಿಗ್ರಿಯಲ್ಲಿ 10ರಿಂದ 15 ದಿನ ಇಡುವುದು. ದಿನಬಿಟ್ಟು ದಿನ ಚೀಲವನ್ನು ಹೊರಗಿನಿಂದಲೇ ಉಜ್ಜಿ ಕಾಳು ಬಿಡಿಸಬೇಕು, ಇಲ್ಲದಿದ್ದರೆ ಗಟ್ಟಿ ಇಟ್ಟಿಗೆಯಾಗಿ ಒಳಗೆ ಗಾಳಿ ಆಡುವುದಿಲ್ಲ. ಕಪ್ಪು ಅಥವಾ ಕಿತ್ತಳೆ ಬಣ್ಣ ಕಂಡ ಚೀಲವನ್ನು ಬಿಚ್ಚಬೇಡಿ, ಹಾಗೆಯೇ ಬೇರೆ ಇಡಿ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಇದನ್ನು ಮಾಡಹೊರಡುವುದು ವ್ಯರ್ಥ, 35 ಡಿಗ್ರಿಯ ಮೇಲೆ ಟ್ರೈಕೋಡರ್ಮಾ ಮುದುಡುತ್ತದೆ. ಸಿದ್ಧ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 20 ಲಕ್ಷ ಸಿಎಫ್‌ಯು ಇರಬೇಕೆಂಬುದು ನಿಯಮ, ಅದನ್ನು ಎಣಿಸಲು ಮತ್ತೆ ಪ್ಲೇಟಿಗೇ ಬರಬೇಕು. ತಾಯಿ ಕಲ್ಚರನ್ನು ಮಾತ್ರ ಸ್ವಂತವಾಗಿ ಮಣ್ಣಿನಿಂದ ಎತ್ತುವ ಸಾಹಸ ಬೇಡ. ಹಸಿರೆಲ್ಲ ಟ್ರೈಕೋಡರ್ಮಾ ಅಲ್ಲ. ಕೃಷಿ ವಿಶ್ವವಿದ್ಯಾಲಯದಂಥ ಕಡೆಯಿಂದ ಗುರುತು ಹಿಡಿದ ತಳಿಯನ್ನೇ ತರಬೇಕು.

ಬಳಸಿದ ಪ್ಲೇಟು ಎಲ್ಲಿಗೆ?

ಬೆಳೆದ ಪ್ಲೇಟು, ಕೆಟ್ಟ ಪ್ಲೇಟು, ಬಣ್ಣ ತಿರುಗಿದ ಚೀಲ ಎಲ್ಲವನ್ನೂ 121 ಡಿಗ್ರಿಯಲ್ಲಿ 30 ನಿಮಿಷವಾದರೂ ಆಟೋಕ್ಲೇವ್ ಮಾಡಿದ ಮೇಲೆಯೇ ಕಸಕ್ಕೆ ಹಾಕಬೇಕು. ಒಂದು ಗುಲಗಂಜಿಯಷ್ಟು ಕಾಲೊನಿಯಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ, ಅವು ಯಾವುವೆಂದು ಬರಿಗಣ್ಣಿಗೆ ತಿಳಿಯದು. ಅದಕ್ಕೇ ಗಾಯದ ಕೀವು, ಕಫ, ಚರಂಡಿ ನೀರನ್ನು 37 ಡಿಗ್ರಿಯಲ್ಲಿ ಬೆಳೆಸುವುದು ಮನೆ ಅಥವಾ ಶೆಡ್ಡಿನಲ್ಲಿ ಮಾಡುವ ಕೆಲಸವಲ್ಲ. ಪ್ಲಾಸ್ಟಿಕ್ ಪ್ಲೇಟು ಆಟೋಕ್ಲೇವಿನಲ್ಲಿ ಕರಗಿ ಉಂಡೆಯಾಗುತ್ತದೆ, ಪಾಲಿಪ್ರೊಪಿಲೀನ್ ಚೀಲದಲ್ಲಿ ಹಾಕಿ ಬಾಯಿ ಸಡಿಲ ಬಿಟ್ಟು ಇಡಿ. ಗಾಜಿನ ಪ್ಲೇಟಾದರೆ ಬಿಸಿ ಇರುವಾಗಲೇ ಒಳಗಿನದನ್ನು ಒಂದು ಡಬ್ಬಿಗೆ ಸುರಿದು, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಬೇಕು. ಸಿಂಕಿಗೆ ಸುರಿದರೆ ಅಗಾರ್ ಪೈಪಿನ ಬಾಗಿನಲ್ಲಿ ಕೂತು ಗಟ್ಟಿಯಾಗುತ್ತದೆ. ಆಮೇಲೆ ಗೀಸರಿನ ಬಿಸಿನೀರು ಎಷ್ಟು ಬಿಟ್ಟರೂ ಅದು ಕರಗದು, ಪೈಪನ್ನೇ ಬಿಚ್ಚಬೇಕಾಗುತ್ತದೆ.